ಪರದೇಶದಲ್ಲಿ ಮದುವೆಗೆ ಕರೆ ಬಂದರೆ

ಇಂಡೋನೇಷ್ಯದ ಜಾವಾ ದ್ವೀಪದ ಯೋಗ್ಯಕರ್ತದಲ್ಲಿ ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿ ಮೂರನೆಯ ದಿನ ಬೆಳಿಗ್ಗೆ ಚಹಾ ತಂದಿಟ್ಟು, ಅದರ ಪಕ್ಕದಲ್ಲಿ ಒಂದು ಲಗ್ನಪತ್ರಿಕೆಯನ್ನೂ ಇಟ್ಟರು. ಬರುವ ಭಾನುವಾರ ಅವರ ತಂಗಿಯ ಮಗಳ ಮದುವೆಯಿತ್ತು. ನಾವಿಬ್ಬರೂ ಬರಲೇಬೇಕೆಂದು ಎದೆಯ ಮೇಲೆ ಕೈಯಿಟ್ಟು ಹೇಳಿ ಹೋದರು. ಧಾರವಾಡ, ಹುಬ್ಬಳ್ಳಿ, ಗದಗಗಳ ಹಂದರದಲ್ಲಿ ನಲವತ್ತು ವರ್ಷ ಮದುವೆ ಉಂಡಿರುವ ನನಗೂ ನಮ್ಮ ಯಜಮಾನರಿಗೂ ಆ ಪತ್ರಿಕೆಯನ್ನು ಹಿಡಿದುಕೊಂಡು ಕೂತಾಗ ಏನು ಉಡಬೇಕು, ಆಯಾರ ಎಷ್ಟು ಮಾಡಬೇಕು, ಊಟವಾದ ಮೇಲೆ ಎಷ್ಟು ಹೊತ್ತು ಕೂಡಬೇಕು ಎಂಬ ಸಣ್ಣ ಸಂಗತಿಯೂ ತಿಳಿಯಲಿಲ್ಲ. ಅದಕ್ಕೂ ಮೊದಲು ಜರ್ಮನಿಯಲ್ಲಿ ಮಗನ ಸಹೋದ್ಯೋಗಿಯ ಮದುವೆಗೆ ಹೋಗಿ ಒಂದು ತಪ್ಪು ಮಾಡಿ ಬಂದಿದ್ದೆವಾದ್ದರಿಂದ, ಈ ಸಲ ಕೇಳಿ ತಿಳಿದುಕೊಂಡೇ ಹೋಗೋಣವೆಂದು ನಿಶ್ಚಯಿಸಿದೆವು.

ಈಗ ನಮ್ಮ ಭಾಗದ ಎಷ್ಟೋ ಮನೆಗಳ ಮಕ್ಕಳು ಹೊರದೇಶಗಳಲ್ಲಿದ್ದಾರೆ. ಅವರನ್ನು ನೋಡಲು ಹೋಗುವ ತಂದೆತಾಯಿಗಳಿಗೂ, ಸ್ವತಃ ಪ್ರವಾಸ ಹೊರಡುವವರಿಗೂ ಇಂತಹ ಕರೆ ಬರುವುದು ಅಪರೂಪವೇನಲ್ಲ. ಕರೆ ಬಂದಾಗ ಸಂಕೋಚಪಟ್ಟು ತಪ್ಪಿಸಿಕೊಳ್ಳಬೇಡಿರಿ ಎಂಬುದೇ ನನ್ನ ಮೊದಲ ಮಾತು. ಆದರೆ ಕರೆಸಿಕೊಂಡವರು ಆ ಮನೆಯ ಮುಯ್ಯಿಯ ಲೆಕ್ಕದೊಳಗೆ ಸೇರಿದ ಹಾಗೆ. ಗುಡಿಗೋಪುರ ನೋಡಲು ಹೋದಂತೆ ಕ್ಯಾಮೆರಾ ಹಿಡಿದುಕೊಂಡು ಹೋಗದೆ, ಬೀಗರೊಳಗಿನ ದೂರದ ಒಬ್ಬ ನಂಟರಂತೆ ಸಿದ್ಧರಾಗಿ ಹೋಗಬೇಕು. ಆ ಸಿದ್ಧತೆಯನ್ನು ಒಂದೊಂದು ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಕರೆ ಯಾರಿಗೆ, ಯಾವುದಕ್ಕೆ ಎಂದು ತಿಳಿಯುವುದು

ನಮ್ಮ ಕಡೆ ಕರೆಯಲು ಬಂದವರು ಹೊಸ್ತಿಲ ಒಳಗೆ ಕೂತು, ಕುಂಕುಮ ಹಚ್ಚಿ, ‘ಮನಿ ಮಂದಿಯೆಲ್ಲ ಮುಂದಾಗಿ ಬರ್ರಿ’ ಎಂದು ಹೇಳಿ ಹೋಗುತ್ತಾರೆ. ಪತ್ರಿಕೆಯ ಮೇಲೆ ಯಾರ ಹೆಸರಿದ್ದರೂ ಅತ್ತೆ, ಮಾವ, ಮೊಮ್ಮಕ್ಕಳು, ಆ ದಿನ ಮನೆಗೆ ಬಂದ ನೆಂಟರು ಎಲ್ಲರೂ ಹೊರಡುವುದೇ ಪದ್ಧತಿ. ಹಾಗೆ ಹೊರಡದಿದ್ದರೆ ಕರೆದವರಿಗೆ ಬೇಸರವಾಗುತ್ತದೆ. ಯುರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇದಕ್ಕೆ ನೇರ ವಿರುದ್ಧವಾದ ನಡವಳಿಕೆಯಿದೆ. ಪತ್ರಿಕೆಯ ಮೇಲೆ ಎಷ್ಟು ಹೆಸರುಗಳಿವೆಯೋ ಅಷ್ಟೇ ಜನರಿಗೆ ಕುರ್ಚಿ, ಅಷ್ಟೇ ಜನರಿಗೆ ತಟ್ಟೆ. ಅಡುಗೆಯವರಿಗೆ ತಲೆಯ ಲೆಕ್ಕದಲ್ಲಿ ಮೊದಲೇ ಹಣ ಹೋಗಿರುತ್ತದೆ, ಮೇಜಿನ ಮೇಲೆ ಪ್ರತಿಯೊಬ್ಬರ ಹೆಸರಿನ ಚೀಟಿಯೂ ಇರುತ್ತದೆ. ಜರ್ಮನಿಯಲ್ಲಿ ನಾನು ಮಾಡಿದ ತಪ್ಪು ಇದೇ. ಆ ವಾರ ಹಾವೇರಿಯಿಂದ ನನ್ನ ತಮ್ಮನ ಕುಟುಂಬ ನಮ್ಮಲ್ಲಿಗೆ ಬಂದಿತ್ತು. ಅವರನ್ನು ಮನೆಯಲ್ಲಿ ಬಿಟ್ಟು ಹೋಗುವುದು ಸರಿಯಲ್ಲವೆಂದು ನಾಲ್ವರನ್ನೂ ಕರೆದುಕೊಂಡು ಬರುತ್ತೇವೆಂದು ಮಗನ ಕಡೆಯಿಂದ ಹೇಳಿಸಿದೆ. ಆ ಮನೆಯವರು ಬೇಡವೆನ್ನಲಿಲ್ಲ, ಆದರೆ ತಮ್ಮ ಕಡೆಯ ಇಬ್ಬರು ಗೆಳೆಯರ ಜಾಗ ಬದಲಾಯಿಸಿ, ಪಕ್ಕದ ಕೋಣೆಯಲ್ಲಿ ಒಂದು ಮೇಜು ಹಾಕಿಸಬೇಕಾಯಿತೆಂದು ಆಮೇಲೆ ಗೊತ್ತಾಯಿತು. ಕರೆಯಲ್ಲಿ ಹೆಸರಿಲ್ಲದವರನ್ನು ಕರೆದೊಯ್ಯಬೇಡಿರಿ, ಮಕ್ಕಳನ್ನೂ ಕೇಳದೆ ಕರೆದೊಯ್ಯಬೇಡಿರಿ.

ಇಂತಹ ಪತ್ರಿಕೆಗಳ ಕೊನೆಯಲ್ಲಿ ಉತ್ತರ ಕೋರುವ ಒಂದು ಸಾಲು ಅಥವಾ ‘ಆರ್.ಎಸ್.ವಿ.ಪಿ.’ ಎಂಬ ಸಂಕ್ಷೇಪಾಕ್ಷರಗಳು, ಜೊತೆಗೆ ಒಂದು ತಾರೀಖು ಇರುತ್ತವೆ. ಬರುವುದಾದರೂ ಬಾರದಿದ್ದರೂ ಆ ತಾರೀಖಿನೊಳಗೆ ತಿಳಿಸಲೇಬೇಕು. ‘ನೋಡೋಣ್ರೀ, ಆದ್ರ ಬರ್ತೀವಿ’ ಎಂಬ ನಮ್ಮ ಸೌಜನ್ಯದ ಉತ್ತರವನ್ನು ಅಲ್ಲಿ ಯಾರೂ ಸೌಜನ್ಯವೆಂದು ತಿಳಿಯುವುದಿಲ್ಲ.

ಮದುವೆಯ ಯಾವ ಭಾಗಕ್ಕೆ ಕರೆದಿದ್ದಾರೆ ಎಂಬುದೂ ಮುಖ್ಯ. ಜರ್ಮನಿಯಲ್ಲಿ ಕಾನೂನಿನ ಮದುವೆ ನಡೆಯುವುದು ನೋಂದಣಿ ಕಚೇರಿಯಲ್ಲಿ. ಅಲ್ಲಿಗೆ ಸಾಮಾನ್ಯವಾಗಿ ಹತ್ತಿರದವರಷ್ಟೇ ಹೋಗುತ್ತಾರೆ. ಚರ್ಚಿನ ಮದುವೆ, ಸಂಜೆಯ ಊಟ ಬೇರೆ ಬೇರೆ, ಒಮ್ಮೊಮ್ಮೆ ಬೇರೆ ಬೇರೆ ದಿನಗಳಲ್ಲಿಯೂ ನಡೆಯುತ್ತವೆ. ಮದುವೆಗೆ ಮುಂಚಿನ ಒಂದು ಸಂಜೆ ‘ಪೋಲ್ಟರ್‌ಆಬೆಂಡ್’ ಎಂಬ ಆಚರಣೆಯಿದ್ದು, ಬಂದವರು ಹಳೆಯ ಪಿಂಗಾಣಿ ತಟ್ಟೆಗಳನ್ನು ಮನೆಯ ಮುಂದೆ ಒಡೆಯುತ್ತಾರೆ. ಮದುಮಕ್ಕಳಿಬ್ಬರೂ ಸೇರಿ ಆ ಚೂರುಗಳನ್ನು ಗುಡಿಸಬೇಕು. ಇದಕ್ಕೆ ಪತ್ರಿಕೆ ಬೇಕಿಲ್ಲ, ಸುದ್ದಿ ತಿಳಿದ ನೆರೆಹೊರೆಯವರೆಲ್ಲ ಹೋಗುತ್ತಾರೆ. ಹೋಗುವಾಗ ಪಿಂಗಾಣಿಯನ್ನೇ ಒಯ್ಯಬೇಕು, ಗಾಜು ಮತ್ತು ಕನ್ನಡಿ ಒಡೆಯುವುದು ಅವರಲ್ಲಿಯೂ ಅಶುಭ.

ಬೀದಿಯಲ್ಲಿ ಪರಿಚಯವಾದ ಅಪರಿಚಿತರು ‘ನಮ್ಮ ಅಕ್ಕನ ಮದುವೆಗೆ ಬನ್ನಿ’ ಎಂದು ಕರೆದರೆ ಹೋಗಬಾರದು. ಆ ನೆಪದಲ್ಲಿ ಅಂಗಡಿಗೆ ಕರೆದೊಯ್ದು ದುಬಾರಿ ಸಾಮಾನು ಕೊಳ್ಳುವಂತೆ ಒತ್ತಾಯಿಸುವವರು ಪ್ರವಾಸಿ ಊರುಗಳಲ್ಲಿದ್ದಾರೆ. ನೀವು ಇಳಿದುಕೊಂಡ ಮನೆಯವರಿಗೋ ನಿಮ್ಮ ಮಕ್ಕಳಿಗೋ ಆ ಕುಟುಂಬದ ಗುರುತಿರಬೇಕು.

ಎರಡನೆಯ ಹೆಜ್ಜೆ: ಆ ಮನೆಯವರೊಬ್ಬರನ್ನು ಆಸರೆಯಾಗಿ ಹಿಡಿಯುವುದು

ನಮ್ಮ ಮದುವೆಮನೆಯಲ್ಲಿ ಎಲ್ಲವನ್ನೂ ಬಲ್ಲ ಒಬ್ಬ ಸೋದರತ್ತೆ ಇದ್ದೇ ಇರುತ್ತಾರೆ. ಮದುಮಕ್ಕಳಿಗೆ ನೀರೆರೆಯುವ ಸುರಗಿಗೆ ಎಷ್ಟು ತಂಬಿಗೆ ಇಡಬೇಕು, ಯಾರಿಗೆ ಯಾವ ಸೀರೆ, ಅಕ್ಕಿಕಾಳು ಬೀಳುವ ಹೊತ್ತಿಗೆ ಯಾರು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅವರ ಬಾಯಲ್ಲಿರುತ್ತದೆ. ಪರದೇಶದಲ್ಲಿಯೂ ಅಂಥವರೊಬ್ಬರನ್ನು ಹುಡುಕಿಕೊಳ್ಳಿರಿ. ಮದುಮಗ, ಮದುಮಗಳನ್ನು ಕೇಳಬೇಡಿರಿ. ಆ ದಿನಗಳಲ್ಲಿ ಅವರಿಗೆ ನೂರು ಯೋಚನೆಗಳಿರುತ್ತವೆ, ಮೇಲಾಗಿ ಎಷ್ಟು ಮುಯ್ಯಿ ಮಾಡಬೇಕೆಂದು ಅವರನ್ನೇ ಕೇಳುವಂತಿಲ್ಲ.

ಕೇಳುವಾಗ ‘ನಾವೇನು ಮಾಡಬೇಕು’ ಎಂದರೆ ‘ಏನೂ ಬೇಡ, ನೀವು ಬಂದರೆ ಸಾಕು’ ಎಂಬ ಉತ್ತರವೇ ಬರುತ್ತದೆ, ನಾವಾದರೂ ಹಾಗೆಯೇ ಹೇಳುತ್ತೇವೆ. ಅದರ ಬದಲು ‘ನೀವು ಯಾವ ಬಣ್ಣ ಉಡುತ್ತೀರಿ, ನಿಮ್ಮ ಪಕ್ಕದ ಮನೆಯವರು ಪಾಕೀಟಿನಲ್ಲಿ ಎಷ್ಟು ಹಾಕುತ್ತಾರೆ, ನೀವು ಎಷ್ಟು ಗಂಟೆಗೆ ಮನೆ ಬಿಡುತ್ತೀರಿ, ಹೆಂಗಸರು ಗಂಡಸರು ಒಟ್ಟಿಗೆ ಕೂಡುತ್ತಾರೆಯೇ, ಮಾಂಸವಿಲ್ಲದ ಅಡುಗೆ ಯಾವುದಿರುತ್ತದೆ’ ಎಂದು ಅವರ ನಡೆಯನ್ನೇ ಕೇಳಿದರೆ ನಿಜವಾದ ಉತ್ತರ ದೊರೆಯುತ್ತದೆ. ಯೋಗ್ಯಕರ್ತದಲ್ಲಿ ನಾನು ಕೇಳಿದ್ದು ಇಷ್ಟನ್ನೇ, ಫೋನಿನ ಅನುವಾದದ ಸಹಾಯದಿಂದ ಅರ್ಧ ಗಂಟೆಯಲ್ಲಿ. ಆ ಅರ್ಧ ಗಂಟೆ ನಮ್ಮ ಇಡೀ ಭಾನುವಾರವನ್ನು ಕಾಯಿತು.

ಮೂರನೆಯ ಹೆಜ್ಜೆ: ಉಡುವುದು, ತೊಡುವುದು

ನಮ್ಮ ಇಳಕಲ್ ಸೀರೆ, ಕಸೂತಿಯ ಸೀರೆ, ರೇಷ್ಮೆ ಸೀರೆಗಳಿಗೆ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲಿಯೂ ಮರ್ಯಾದೆಯಿದೆ. ಪರದೇಶದ ಉಡುಪನ್ನು ಬಾಡಿಗೆಗೆ ತಂದು ಉಡುವುದಕ್ಕಿಂತ ಇವನ್ನೇ ಉಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಎಚ್ಚರ ಬೇಕಾದದ್ದು ಬಣ್ಣದಲ್ಲಿ. ಸಂಕ್ರಮಣಕ್ಕೆ ನಾವು ಸಂತೋಷದಿಂದ ಉಡುವ ಕರಿಯ ಚಂದ್ರಕಾಳಿ ಸೀರೆಯನ್ನು ಥಾಯ್ಲೆಂಡಿನ ಮದುವೆಗೆ ಉಟ್ಟುಕೊಂಡು ಹೋಗಬಾರದು, ಅಲ್ಲಿ ಕಪ್ಪು ಶೋಕದ ಬಣ್ಣ. ಬಿಳಿ ಅಥವಾ ಕೆನೆಬಣ್ಣದ ಸೀರೆಯನ್ನು ಯುರೋಪಿನಲ್ಲಿಯೂ ಜಪಾನಿನಲ್ಲಿಯೂ ಉಡಬಾರದು, ಅದು ಮದುಮಗಳ ಬಣ್ಣ. ಚೀನಾ, ವಿಯೆಟ್ನಾಮುಗಳಲ್ಲಿ ಬಿಳಿಗೆ ಸಾವಿನ ಸಂಬಂಧವಿದೆ. ಅಲ್ಲಿ ಮದುಮಗಳು ತೊಡುವ ಅಪ್ಪಟ ಕೆಂಪನ್ನೂ ಅತಿಥಿಗಳು ಬಿಟ್ಟುಕೊಡುವುದು ಒಳ್ಳೆಯದು.

ಗಂಡಸರ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಹಾವೇರಿ, ಗದಗಗಳ ನಮ್ಮ ಹಿರಿಯರು ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿಯಲ್ಲಿ ಮದುವೆಗೆ ಹೋಗುವುದೇ ಗೌರವವೆಂದು ತಿಳಿದವರು. ವಿಯೆಟ್ನಾಮಿನಲ್ಲಿ ತಲೆಗೆ ಬಿಳಿಯ ವಸ್ತ್ರ ಕಟ್ಟಿಕೊಳ್ಳುವವರು ಮನೆಯಲ್ಲಿ ಸಾವಾದವರು. ಅಂತಹ ದೇಶಗಳಿಗೆ ಹೋಗುವಾಗ ಧೋತರವನ್ನು ಬಿಡಬೇಕಾಗಿಲ್ಲ. ಬಣ್ಣದ ಅಂಗಿ ತೊಟ್ಟು, ತಲೆಗೆ ಗುಲಾಬಿಯೋ ಕೇಸರಿಯೋ ಬಣ್ಣದ ಪಟಗಾ ಸುತ್ತಿಕೊಂಡರೆ ನಮ್ಮ ಮರ್ಯಾದೆಯೂ ಉಳಿಯುತ್ತದೆ, ಅವರ ಶುಭವೂ ಉಳಿಯುತ್ತದೆ.

ಇಂಡೋನೇಷ್ಯದಲ್ಲಿ ಗಂಡಸರು ಬಾತಿಕ್ ಅಂಗಿ, ಅಂದರೆ ಮೇಣದಿಂದ ಚಿತ್ರ ಬರೆದು ಬಣ್ಣದಲ್ಲಿ ಅದ್ದಿದ ಬಟ್ಟೆಯ ಅಂಗಿ ತೊಡುತ್ತಾರೆ. ಯುನೆಸ್ಕೊ 2009ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ಕಲೆಯದು, ಅದರ ಒಂದೊಂದು ವಿನ್ಯಾಸಕ್ಕೂ ಒಂದೊಂದು ಅರ್ಥವಿದೆ. ನಮ್ಮ ಯಜಮಾನರು ಪೇಟೆಯಲ್ಲಿ ಓರೆಗೆರೆಗಳು ಸಾಲುಸಾಲಾಗಿ ಇಳಿಯುವ ಒಂದು ಅಂಗಿಯನ್ನು ಆರಿಸಿ ತಂದಿದ್ದರು. ಮನೆಯ ಯಜಮಾನಿ ಅದನ್ನು ಬಿಡಿಸಿ ನೋಡಿ, ಮೆಲ್ಲಗೆ ಮಡಚಿ ಪಕ್ಕಕ್ಕಿಟ್ಟರು. ಅದು ‘ಪಾರಾಂಗ್’ ಎಂಬ ವಿನ್ಯಾಸ. ಯೋಗ್ಯಕರ್ತದ ಅರಮನೆಯಲ್ಲಿ ರಾಜಮನೆತನಕ್ಕೆ ಮೀಸಲಾಗಿದ್ದದ್ದು, ಮದುವೆಗೆ ತೊಟ್ಟರೆ ದಂಪತಿಗಳಲ್ಲಿ ಜಗಳ ಹುಟ್ಟುತ್ತದೆಂಬ ನಂಬಿಕೆಯಿರುವಂಥದ್ದು. ‘ತ್ರುಂಟುಮ್’ ಎಂಬ ಸಣ್ಣ ಹೂವಿನ ವಿನ್ಯಾಸವನ್ನು ಮದುಮಕ್ಕಳ ತಂದೆತಾಯಿಗಳು ತೊಡುತ್ತಾರಾದ್ದರಿಂದ ಅದೂ ನಮಗಲ್ಲ. ಕೊನೆಗೆ ಅವರೇ ತಮ್ಮ ಮಗನ, ಎಲೆಬಳ್ಳಿಗಳ ಕಂದು ಅಂಗಿಯೊಂದನ್ನು ಕೊಟ್ಟರು. ಬಾಲಿಯಲ್ಲಾದರೆ ಗುಡಿಯೊಳಗೆ ಹೋಗುವ ಎಲ್ಲರೂ ಸೊಂಟಕ್ಕೆ ವಸ್ತ್ರ ಸುತ್ತಿ, ಅದರ ಮೇಲೆ ನಡುಪಟ್ಟಿ ಕಟ್ಟಬೇಕು.

ಮೈಮೇಲೆ ಹೆಚ್ಚು ಬಂಗಾರ ಹಾಕಿಕೊಂಡು ಹೋಗುವವರು ಭಾರತ ಬಿಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ಒಡವೆಗಳನ್ನು ತೋರಿಸಿ ಪ್ರಮಾಣಪತ್ರ ಪಡೆದುಕೊಂಡಿರಬೇಕು. ಮರಳಿ ಬರುವಾಗ ಅವು ನಿಮ್ಮವೇ ಎಂದು ತೋರಿಸಲು ಅದು ಆಧಾರ. ಹುಬ್ಬಳ್ಳಿಯಿಂದ ಬೆಂಗಳೂರಿಗೋ ಮುಂಬೈಗೋ ಹೋಗಿ ಅಲ್ಲಿಂದ ವಿಮಾನ ಹತ್ತುವವರು ಇದಕ್ಕಾಗಿ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಲಿ.

ನಾಲ್ಕನೆಯ ಹೆಜ್ಜೆ: ಆಯಾರ, ಮುಯ್ಯಿ

ಎಲ್ಲರಿಗೂ ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ಆದರೆ ನಮ್ಮ ಕಡೆಯವರಿಗೆ ಇದರ ಮರ್ಮ ಹುಟ್ಟಿನಿಂದಲೇ ಗೊತ್ತು. ಹಳ್ಳಿಯ ಮದುವೆಯಲ್ಲಿ ಹಂದರದ ಮೂಲೆಯಲ್ಲಿ ಒಬ್ಬರು ವಹಿ ಹಿಡಿದು ಕೂತು, ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದುಕೊಳ್ಳುತ್ತಾರೆ. ಮುಂದೆ ಆ ಮನೆಯಲ್ಲಿ ಕಾರ್ಯವಾದಾಗ ಅದನ್ನು ತೆಗೆದು ನೋಡಿ ಅಷ್ಟಕ್ಕೆ ಸ್ವಲ್ಪ ಸೇರಿಸಿ ಮರಳಿಸುತ್ತಾರೆ. ದಕ್ಷಿಣ ಕೊರಿಯದ ಮದುವೆ ಸಭಾಂಗಣದ ಬಾಗಿಲಲ್ಲಿಯೂ ಮದುಮಗನ ಕಡೆಗೊಂದು, ಮದುಮಗಳ ಕಡೆಗೊಂದು ಮೇಜು ಹಾಕಿ, ನೆಂಟರು ಕೂತು ಪಾಕೀಟುಗಳನ್ನು ತೆಗೆದುಕೊಂಡು ವಹಿಯಲ್ಲಿ ಬರೆಯುತ್ತಾರೆ, ಊಟದ ಚೀಟಿಯನ್ನೂ ಅಲ್ಲಿಯೇ ಕೊಡುತ್ತಾರೆ. ಟರ್ಕಿಯಲ್ಲಿ ಸಾಲಾಗಿ ನಿಂತು ಮದುಮಕ್ಕಳ ಮೈಮೇಲಿನ ಪಟ್ಟಿಗೆ ಕೆಂಪು ರಿಬ್ಬನ್ನಿನ ಬಂಗಾರದ ನಾಣ್ಯವನ್ನೋ ನೋಟನ್ನೋ ಪಿನ್ನಿನಿಂದ ಚುಚ್ಚುತ್ತಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವುದೂ ಉಂಟು. ಅಲ್ಲಿ ರೂಢಿಯಲ್ಲಿರುವ ‘ಕಾಲು’ ನಾಣ್ಯದ ತೂಕ ಸುಮಾರು 1.75 ಗ್ರಾಮು, 22 ಕ್ಯಾರೆಟ್.

ಮೊತ್ತದ ಅಂಕಿಯಲ್ಲಿ ಶುಭಾಶುಭಗಳಿವೆ. ನಾವು 100ಕ್ಕೆ 1 ಸೇರಿಸಿ 101 ಮಾಡುತ್ತೇವೆ, 500ಕ್ಕೆ 1 ಸೇರಿಸಿ 501 ಮಾಡುತ್ತೇವೆ, ಅದಕ್ಕಾಗಿಯೇ ನಾಣ್ಯ ಅಂಟಿಸಿದ ಪಾಕೀಟುಗಳು ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಗಳಲ್ಲಿ ಸಿಗುತ್ತವೆ. ಜಪಾನಿನವರೂ ಬೆಸಸಂಖ್ಯೆಯನ್ನೇ ಮೆಚ್ಚುತ್ತಾರೆ, ಎರಡು ಸಮಪಾಲಾಗಿ ಒಡೆಯುವ ಮೊತ್ತ ಮದುವೆಗೆ ಬೇಡವೆಂಬುದು ಅವರ ಭಾವನೆ. ಗೆಳೆಯರ ಮದುವೆಗೆ 30,000 ಯೆನ್ ಕೊಡುವುದು ವಾಡಿಕೆ. ಚೀನೀಯರಲ್ಲಿ ಲೆಕ್ಕ ತಿರುಗುತ್ತದೆ. ಶುಭ ಜೋಡಿಯಾಗಿ ಬರಬೇಕೆಂದು ಅವರು ಸಮಸಂಖ್ಯೆಯನ್ನು ಕೆಂಪು ಪಾಕೀಟಿನಲ್ಲಿ ಹಾಕುತ್ತಾರೆ, 8 ಬಹಳ ಶ್ರೇಷ್ಠ. ಆದರೆ 4 ಚೀನೀಯರಿಗೂ ಜಪಾನೀಯರಿಗೂ ಕೊರಿಯನ್ನರಿಗೂ ಬೇಡದ ಅಂಕಿ, ಅದರ ಉಚ್ಚಾರ ಸಾವೆಂಬ ಶಬ್ದಕ್ಕೆ ಹತ್ತಿರ. ಕೊರಿಯದಲ್ಲಿ 50,000 ಅಥವಾ 1,00,000 ವೊನ್ ಬಿಳಿಯ ಪಾಕೀಟಿನಲ್ಲಿಯೇ ಹೋಗುತ್ತದೆ. ಬಿಳಿ ಅಲ್ಲಿ ಹೇಗೆ ನಡೆಯಿತೆಂದು ಯಾರೂ ಕೇಳುವುದಿಲ್ಲ, ಹಾಗೆಯೇ ನಡೆದುಬಂದಿದೆ.

ಜಪಾನಿನ ಪಾಕೀಟಿನ ಮೇಲೆ ಬಿಗಿದಿರುವ ದಾರದ ಗಂಟನ್ನು ಕೊಳ್ಳುವಾಗ ಹತ್ತಿರದಿಂದ ನೋಡಬೇಕು. ಮದುವೆಯ ಪಾಕೀಟಿನ ಗಂಟು ಒಮ್ಮೆ ಬಿಗಿದರೆ ಬಿಚ್ಚಲಾಗದಂಥದ್ದು, ನಮ್ಮ ಬ್ರಹ್ಮಗಂಟಿನಂತೆ. ಹೂವಿನ ಆಕಾರದ, ಎಳೆದರೆ ಬಿಚ್ಚುವ ಗಂಟಿನ ಪಾಕೀಟೂ ಅದೇ ಅಂಗಡಿಯಲ್ಲಿ, ಅದೇ ಬಿಳಿ ಕೆಂಪು ಬಣ್ಣದಲ್ಲಿ ಇರುತ್ತದೆ; ಅದು ಮಗು ಹುಟ್ಟಿದಾಗ, ಅಂದರೆ ಮತ್ತೆ ಮತ್ತೆ ಬಂದರೂ ಒಳ್ಳೆಯದೆನ್ನುವ ಸಂತೋಷಗಳಿಗೆ. ಒಳಗಿಡುವ ನೋಟು ಹೊಸದಾಗಿ ಗರಿಗರಿಯಾಗಿರಬೇಕು, ಏಕೆಂದರೆ ಅಲ್ಲಿ ಸಾವಿನ ಮನೆಗೆ ಕೊಡುವಾಗ ಹಳೆಯ ನೋಟು ಕೊಡುತ್ತಾರೆ.

ಜಾವಾದಲ್ಲಿ ನಮಗೆ ಇಷ್ಟೆಲ್ಲ ತೊಡಕಿರಲಿಲ್ಲ. ಹಳ್ಳಿಯ ಮದುವೆಗೆ ನೆರೆಯವರು 50,000 ರೂಪಾಯ್, ಸ್ವಲ್ಪ ಬೇಕಾದವರು 1,00,000 ರೂಪಾಯ್ ಹಾಕುತ್ತಾರೆಂದು ಯಜಮಾನಿ ಹೇಳಿದರು. ಸೊನ್ನೆಗಳನ್ನು ನೋಡಿ ಗಾಬರಿಯಾಗಬೇಡಿರಿ, ನಮ್ಮ ಒಂದು ರೂಪಾಯಿಗೆ ಅಲ್ಲಿನ ನೂರೆಂಬತ್ತಕ್ಕಿಂತ ಹೆಚ್ಚು ಸಿಗುತ್ತಿತ್ತು. ನಾನು ನೋಟಿಟ್ಟು ಪಾಕೀಟಿನ ನಾಲ್ಕು ಮೂಲೆಗೂ ಬೆರಳ ತುದಿಯಿಂದ ಅರಿಷಿಣ ಕುಂಕುಮ ಹಚ್ಚಿದೆ. ಅದೇನೆಂದು ಯಜಮಾನಿ ಕೇಳಿದಾಗ ಹೇಳಿದೆ. ಅವರು ತಮ್ಮ ಪಾಕೀಟನ್ನೂ ತಂದು ನನ್ನ ಮುಂದೆ ಹಿಡಿದರು.

ಎಷ್ಟು ಕೊಡುವುದೆಂಬುದರಲ್ಲಿ ಪ್ರವಾಸಿಗರು ಒಂದು ತಪ್ಪು ಮಾಡುತ್ತಾರೆ. ಪರದೇಶದವರೆಂಬ ಉತ್ಸಾಹದಲ್ಲಿ ಊರಿನ ವಾಡಿಕೆಗಿಂತ ಐದಾರು ಪಟ್ಟು ಹಾಕಿಬಿಡುತ್ತಾರೆ. ಅದನ್ನು ಮರಳಿಸುವ ಭಾರ ಆ ಕುಟುಂಬದ ಮೇಲೆ ಬೀಳುತ್ತದೆಂದು ಮುಯ್ಯಿಯ ವಹಿ ಕಂಡ ನಮಗೆ ಹೇಳಬೇಕಾಗಿಲ್ಲ. ಹತ್ತಿರದ ನೆರೆಯವರಷ್ಟು, ಬಹಳವಾದರೆ ಅದಕ್ಕಿಂತ ಸ್ವಲ್ಪ ಹೆಚ್ಚು ಹಾಕಿರಿ.

ನೋಟು ತೂರುವ ವಿಷಯ: ನೈಜೀರಿಯದ ಮದುವೆಗಳಲ್ಲಿ ಕುಣಿಯುವ ಮದುಮಕ್ಕಳ ಮೇಲೆ ನೋಟು ಹಚ್ಚುವ, ತೂರುವ ರೂಢಿ ಪ್ರಸಿದ್ಧವಾಗಿದ್ದರೂ, 2007ರ ಕೇಂದ್ರ ಬ್ಯಾಂಕ್ ಕಾಯ್ದೆಯಂತೆ ಅದು ಅಪರಾಧ; ಕನಿಷ್ಠ 6 ತಿಂಗಳ ಸೆರೆವಾಸ ಅಥವಾ 50,000 ನೈರಾ ದಂಡ, ಇಲ್ಲವೆ ಎರಡೂ ಇವೆ. 2024ರಲ್ಲಿ ಒಬ್ಬರಿಗೆ ಸೆರೆಯೂ ಆಯಿತು. ಉಳಿದವರು ತೂರುತ್ತಿದ್ದರೂ ನೀವು ಪಾಕೀಟಿನಲ್ಲಿಯೇ ಕೊಡಿರಿ.

ಸಾಮಾನು ಕೊಡುವುದಾದರೆ ಊರಿನಿಂದಲೇ ಒಯ್ಯಿರಿ. ನಮ್ಮಲ್ಲಿ ಮದುವೆಗೆ ಗೋಡೆ ಗಡಿಯಾರ ಕೊಡದವರು ಕಡಿಮೆ, ಆದರೆ ಚೀನೀ ಕುಟುಂಬಕ್ಕೆ ಅದನ್ನು ಎಂದಿಗೂ ಕೊಡಬಾರದು. ‘ಗಡಿಯಾರ ಕೊಡುವುದು’ ಎಂಬುದು ಅವರ ಭಾಷೆಯಲ್ಲಿ ‘ಕೊನೆಗಾಲದಲ್ಲಿ ಕಳುಹಿಸಿಕೊಡುವುದು’ ಎಂಬಂತೆಯೇ ಕೇಳುತ್ತದೆ. ಮಲೇಷ್ಯ, ಸಿಂಗಪುರಗಳ ಚೀನೀಯರಿಗೂ ಇದೇ ಮಾತು ಅನ್ವಯಿಸುತ್ತದೆ. ಧಾರವಾಡ ಪೇಢೆಯ ಡಬ್ಬಿ ಇಲ್ಲದೆ ನಾವು ಊರು ಬಿಡುವುದಿಲ್ಲ. ಆದರೆ ಆಸ್ಟ್ರೇಲಿಯಕ್ಕೆ ಭಾರತದ ಹಾಲಿನ ಸಿಹಿಗಳನ್ನು ಒಯ್ಯುವಂತಿಲ್ಲ, ತಿನ್ನುವ ಯಾವುದೇ ವಸ್ತುವಿದ್ದರೂ ಇಳಿಯುವಾಗ ತುಂಬುವ ಚೀಟಿಯಲ್ಲಿ ಬರೆದು ತೋರಿಸಬೇಕು, ತಪ್ಪಿದರೆ ದೊಡ್ಡ ದಂಡ. ಉಳಿದ ದೇಶಗಳಿಗೂ ಪೇಢೆ ಕಟ್ಟುವ ಮುಂಚೆ ಆ ದೇಶದ ನಿಯಮ ನೋಡಿಕೊಳ್ಳಿರಿ. ಹಾವೇರಿಯ ಏಲಕ್ಕಿ ಹಾರ ಸುಂದರವಾದದ್ದು, ಆದರೆ ಅದೂ ಗಿಡದ ಕಾಯಿಯೇ, ತೋರಿಸಿಯೇ ಒಯ್ಯಬೇಕು.

ಇವೆಲ್ಲ ತೊಡಕಿಲ್ಲದ ಉಡುಗೊರೆಯೆಂದರೆ ಕಸೂತಿ. ನಾನು ಜಾವಾಕ್ಕೆ ಒಯ್ದದ್ದು ಕಸೂತಿ ಹಾಕಿದ ಒಂದು ಉದ್ದನೆಯ ಹೊದಿಕೆ ವಸ್ತ್ರ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರ್ಗಿಗಳಿಗೆ ಗಂಟು ಹಾಕುವುದಿಲ್ಲ. ದಾರ ಹೋದ ದಾರಿಯಲ್ಲಿಯೇ ಮರಳಿ ಬರುವುದರಿಂದ ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ರೀತಿ ಕಾಣುತ್ತದೆ. ಬಾತಿಕ್ ಬರೆಯುವ ಊರಿನ ಹೆಂಗಸರು ಆ ವಸ್ತ್ರವನ್ನು ತಿರುವಿ ತಿರುವಿ ನೋಡಿ, ರಥದ ಚಿತ್ರದ ಹಿಂಬದಿಯ ಮೇಲೆ ಬೆರಳಾಡಿಸಿದ್ದು ನನಗೆ ಎಲ್ಲ ಮಾತಿಗಿಂತ ಹೆಚ್ಚಾಗಿತ್ತು. ಗುಡಿ, ರಥ, ಆನೆಗಳ ಚಿತ್ರ ಎಲ್ಲರಿಗೂ ಸಲ್ಲುತ್ತದೆ. ದೇವರ ಮೂರ್ತಿಗಳನ್ನು ಬೇರೆ ಧರ್ಮದ ಮನೆಗೆ ಒಯ್ಯದಿರುವುದು ಲೇಸು.

ಐದನೆಯ ಹೆಜ್ಜೆ: ಮದುವೆಯ ದಿನ

ಹೊತ್ತಿನ ಅರ್ಥ ಒಂದೊಂದು ದೇಶಕ್ಕೆ ಒಂದೊಂದು. ಜರ್ಮನಿಯಲ್ಲಿ ಎರಡು ಗಂಟೆಯೆಂದರೆ ಎರಡಕ್ಕೆ ಹತ್ತು ನಿಮಿಷವಿರುವಾಗ ಕುರ್ಚಿಯಲ್ಲಿರಬೇಕು. ಕೊರಿಯದ ಸಭಾಂಗಣಗಳಲ್ಲಿ ಮದುವೆ ಅರ್ಧ ಗಂಟೆಯಲ್ಲಿ ಮುಗಿದು, ಅದೇ ಕೋಣೆಯಲ್ಲಿ ಮುಂದಿನ ಮದುವೆ ನಡೆಯುವುದರಿಂದ ತಡವಾಗಿ ಹೋದವರು ಬೇರೆಯವರ ಮದುವೆ ನೋಡಬೇಕಾಗುತ್ತದೆ. ಶ್ರೀಲಂಕಾದ ಸಿಂಹಳೀಯರಲ್ಲಿ ‘ನೆಕತ್’ ಎಂಬ ಮುಹೂರ್ತವಿದ್ದು, ಪೋರುವ ಎಂಬ ಅಲಂಕರಿಸಿದ ಪೀಠವನ್ನು ಮದುಮಕ್ಕಳು ಆ ಗಳಿಗೆಗೇ ಹತ್ತುತ್ತಾರೆ, ನಮ್ಮ ಅಕ್ಕಿಕಾಳಿನ ಹೊತ್ತಿನಷ್ಟೇ ಕಟ್ಟುನಿಟ್ಟು. ಜಾವಾದ ಪತ್ರಿಕೆಯಲ್ಲಿ 11ರಿಂದ 2 ಎಂದಿದ್ದರೆ ಆ ನಡುವೆ ಯಾವಾಗ ಹೋದರೂ ನಡೆಯುತ್ತದೆ, ಆದರೆ ವಿಧಿಗಳನ್ನು ನೋಡಬೇಕಾದರೆ ಮನೆಯವರ ಜೊತೆಗೇ ಬೆಳಿಗ್ಗೆ ಹೊರಡಬೇಕು. ನಾವು ಹಾಗೆಯೇ ಮಾಡಿದೆವು.

ಬಾಗಿಲಲ್ಲಿ ತೆಂಗಿನ ಎಳೆಯ ಹಳದಿ ಗರಿಗಳನ್ನು ಹೆಣೆದು ಬಾಗಿಸಿ ಕಟ್ಟಿದ್ದರು, ನಮ್ಮ ಹಂದರದ ಬಾಳೆಕಂಬ, ತೆಂಗಿನ ಗರಿಗಳ ನೆನಪಾಯಿತು. ಅತಿಥಿಗಳು ಮೊದಲು ಹೆಸರಿನ ಪುಸ್ತಕದಲ್ಲಿ ಸಹಿ ಮಾಡಿ, ಬೀಗ ಹಾಕಿದ ಪೆಟ್ಟಿಗೆಯ ಸಂದಿನಲ್ಲಿ ಪಾಕೀಟು ಹಾಕುತ್ತಾರೆ. ಪಾಕೀಟಿನ ಮೇಲೆ ಹೆಸರು ಬರೆದಿರಬೇಕು. ಆಮೇಲೆ ವೇದಿಕೆಯ ಮೇಲಿನ ಮದುಮಕ್ಕಳಿಗೂ ಇಬ್ಬರ ತಂದೆತಾಯಿಗಳಿಗೂ ಸಾಲಾಗಿ ಹೋಗಿ ಶುಭಕೋರುತ್ತಾರೆ. ಕೊಡುವುದು, ತೆಗೆದುಕೊಳ್ಳುವುದು ಎಲ್ಲವೂ ಬಲಗೈಯಲ್ಲಿ. ಮುಸಲ್ಮಾನರಾದ ಅವರಲ್ಲಿ ಪರಪುರುಷರ, ಪರಸ್ತ್ರೀಯರ ಕೈ ಹಿಡಿಯದವರಿದ್ದಾರೆ. ಎದುರಿನವರು ಕೈ ಚಾಚಿದರೆ ಮಾತ್ರ ಕೈ ಕೊಡಿರಿ, ಇಲ್ಲವಾದರೆ ನಮ್ಮ ನಮಸ್ಕಾರ ಸಾಕು. ಬೆರಳು ತೋರಿಸಿ ‘ಅದೇನು’ ಎಂದು ಕೇಳಬಾರದು; ತೋರಿಸಲೇಬೇಕಾದರೆ ಬಲಗೈಯ ಹೆಬ್ಬೆರಳಿನಿಂದ ತೋರಿಸುತ್ತಾರೆ.

ಹಿಂದಿನ ದಿನ ಮದುಮಗಳಿಗೆ ಏಳು ಕಡೆಯ ನೀರನ್ನು ಹೂವಿನೊಡನೆ ಬೆರೆಸಿ ಹಿರಿಯರು ಎರೆದಿದ್ದರಂತೆ, ನಮ್ಮ ಸುರಗಿಯ ನೀರಿನಂತೆ. ಅಂದು ನಾನು ಕಂಡದ್ದು ಮದುಮಕ್ಕಳು ಎದುರುಬದುರು ನಿಂತು ವೀಳ್ಯದೆಲೆಯ ಸುರುಳಿಗಳನ್ನು ಒಬ್ಬರಮೇಲೊಬ್ಬರು ಎಸೆದದ್ದು, ಮದುಮಗ ಬರಿಗಾಲಲ್ಲಿ ಹಸಿ ಮೊಟ್ಟೆಯನ್ನು ತುಳಿದದ್ದು, ಮದುಮಗಳು ಕೂತು ಆ ಕಾಲು ತೊಳೆದದ್ದು. ಆಮೇಲೆ ಮದುಮಗಳ ತಂದೆ ಪೀಠದ ಮೇಲೆ ಕೂತು ಅಳಿಯನನ್ನೂ ಮಗಳನ್ನೂ ಒಂದೊಂದು ತೊಡೆಯ ಮೇಲೆ ಕೂರಿಸಿಕೊಂಡರು. ಯಾರು ಭಾರವೆಂದು ತಾಯಿ ಕೇಳಿದರು. ಇಬ್ಬರೂ ಸಮ ಎಂದರು ತಂದೆ. ಕೊನೆಯಲ್ಲಿ ಮದುಮಕ್ಕಳು ತಂದೆತಾಯಿಗಳ ಮೊಣಕಾಲಿಗೆ ಹಣೆಯಿಟ್ಟಾಗ ಅತ್ತದ್ದು ಆ ಮನೆಯವರಷ್ಟೇ ಅಲ್ಲ.

ಇಂತಹ ಗಳಿಗೆಯಲ್ಲಿಯೇ ಫೋನು ಮೇಲೇಳುತ್ತದೆ, ಆಗಲೇ ಅದನ್ನು ಚೀಲದಲ್ಲಿಡಬೇಕು. ನಮ್ಮ ಮದುವೆಗಳಲ್ಲಿ ವಿಡಿಯೋದವರ ಬೆನ್ನನ್ನೇ ನೋಡಿ ತಾಳಿ ಕಟ್ಟುವುದನ್ನು ಕಾಣದೆ ಬಂದ ನೋವು ಎಲ್ಲರಿಗೂ ಇದೆ. ಅಂತಹ ಬೆನ್ನು ನಾವಾಗಬಾರದು. ವೇದಿಕೆಯ ಮೇಲೆ ಕರೆದು ಫೋಟೋ ತೆಗೆಯುವ ಹೊತ್ತು ಬೇರೆಯೇ ಇರುತ್ತದೆ. ಮದುಮಕ್ಕಳು ತಾವೇ ಹಾಕಿಕೊಳ್ಳುವ ಮೊದಲು ಅವರ ಚಿತ್ರಗಳನ್ನು ಎಲ್ಲಿಯೂ ಹಾಕಬೇಡಿರಿ, ಆಮೇಲೂ ಕೇಳಿಯೇ ಹಾಕಿರಿ.

ಚರ್ಚಿನಲ್ಲಿ ಎಲ್ಲರೂ ಎದ್ದಾಗ ಏಳಬೇಕು, ಕೂತಾಗ ಕೂಡಬೇಕು. ಕ್ಯಾಥೊಲಿಕ್ ಪೂಜೆಯಲ್ಲಿ ರೊಟ್ಟಿಯ ಪ್ರಸಾದಕ್ಕೆ ಸಾಲು ನಿಂತಾಗ ಬೇರೆ ಧರ್ಮದವರು ತಮ್ಮ ಜಾಗದಲ್ಲಿಯೇ ಇರುತ್ತಾರೆ, ಅದನ್ನು ಯಾರೂ ಅಗೌರವವೆಂದು ತಿಳಿಯುವುದಿಲ್ಲ. ಥಾಯ್ಲೆಂಡಿನಲ್ಲಿ ಮದುಮಕ್ಕಳ ಜೋಡಿಸಿದ ಕೈಗಳ ಮೇಲೆ ಶಂಖದಿಂದ ನೀರೆರೆಯಲು ಅತಿಥಿಗಳನ್ನೂ ಕರೆಯುತ್ತಾರೆ. ಕರೆದರೆ ಹಿಂಜರಿಯದೆ ಹೋಗಿ ಸ್ವಲ್ಪವೇ ನೀರೆರೆದು, ಮನಸ್ಸಿನಲ್ಲಿರುವ ಹರಕೆಯನ್ನು ಕನ್ನಡದಲ್ಲಿಯೇ ಹೇಳಿರಿ.

ಆರನೆಯ ಹೆಜ್ಜೆ: ಊಟ

ಮಾಂಸ ತಿನ್ನದವರು ಮೊದಲೇ ತಿಳಿಸಬೇಕು. ಊಟಕ್ಕೆ ಕೂತ ಮೇಲೆ ಹೇಳಿದರೆ ಮನೆಯವರಿಗೆ ದುಃಖವಾಗುತ್ತದೆ. ಯುರೋಪಿನಲ್ಲಿ ಉತ್ತರದ ಚೀಟಿಯಲ್ಲಿಯೇ ಬರೆಯಬಹುದು. ಪೂರ್ವ ದೇಶಗಳಲ್ಲಿ ಮಾಂಸವಿಲ್ಲ ಎಂದರೆ ಸಾಲದು, ಮೀನೂ ಸೀಗಡಿಯೂ ಇಲ್ಲ ಎಂದು ಬಿಡಿಸಿ ಹೇಳಬೇಕು. ಜಪಾನಿನ ಸಾರಿನಲ್ಲಿ ಒಣ ಮೀನಿನ ರಸವಿರುತ್ತದೆ. ಜಾವಾದ ಖಾರದ ಚಟ್ನಿಯಲ್ಲಿ ‘ತೆರಾಸಿ’ ಎಂಬ ಸೀಗಡಿಯ ಮುದ್ದೆ ಅರೆದಿರುತ್ತಾರೆ, ಹಪ್ಪಳದಂತೆ ಕಾಣುವುದು ಹೆಚ್ಚಾಗಿ ಸೀಗಡಿಯದೇ. ಯೋಗ್ಯಕರ್ತದ ಹೆಸರಾಂತ ‘ಗುದೆಗ್’ ಎಳೆಯ ಹಲಸಿನಕಾಯಿಯನ್ನು ತೆಂಗಿನ ಹಾಲು, ಬೆಲ್ಲದಲ್ಲಿ ಗಂಟೆಗಟ್ಟಲೆ ಬೇಯಿಸಿದ್ದು. ಅದರೊಡನೆ ಕೋಳಿ, ಮೊಟ್ಟೆ ಇಟ್ಟು ಕೊಡುತ್ತಾರೆ. ಸೋಯಾ ಕಾಳಿನ ತೆಂಪೆ, ತಾಹುಗಳಿರುವುದರಿಂದ ಉಪವಾಸ ಬೀಳುವ ಭಯವಿಲ್ಲ. ಆದರೂ ಬೆಳಿಗ್ಗೆ ಒಂದಿಷ್ಟು ತಿಂದೇ ಹೊರಡಿರಿ. ನಾನು ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡಿದ್ದೆ, ಮದುವೆಮನೆಯಲ್ಲಿ ತೆಗೆಯಲಿಲ್ಲ. ಕರೆದವರ ಮುಂದೆ ನಮ್ಮ ಬುತ್ತಿ ಬಿಚ್ಚಬಾರದು.

ಪೋಲೆಂಡಿನಂತಹ ಕಡೆ ಮದ್ಯ ಹಾಕಿ ಒತ್ತಾಯಿಸುತ್ತಾರೆ. ಕುಡಿಯದವರು ಲೋಟದಲ್ಲಿ ನೀರು ಹಾಕಿಸಿಕೊಂಡು ಎತ್ತಿ ಹಿಡಿದರೆ ಸಾಕು, ಕಾರಣಗಳ ವಿವರಣೆ ಬೇಡ. ಅಲ್ಲಿ ಅತಿಥಿಗಳು ‘ಕಹಿ, ಕಹಿ’ ಎಂದು ಕೂಗಿದರೆ ಮದುಮಕ್ಕಳು ಮುತ್ತಿಟ್ಟು ಸಿಹಿ ಮಾಡಬೇಕೆಂದು ಅರ್ಥ, ಊಟದ ದೂರಲ್ಲ.

ಏಳನೆಯ ಹೆಜ್ಜೆ: ಹೊರಡುವುದು, ಆಮೇಲಿನದು

ಜಾವಾದಲ್ಲಿ ಉಂಡವರು ಒಂದು ಗಂಟೆಯೊಳಗೆ ಹೊರಡುತ್ತಾರೆ, ಕುರ್ಚಿ ಮುಂದಿನವರಿಗೆ ಬೇಕಾಗಿರುತ್ತದೆ. ಜರ್ಮನಿಯಲ್ಲಿ ಮಧ್ಯಾಹ್ನದ ಕಾಫಿ ಕೇಕಿನಿಂದ ನಡುರಾತ್ರಿಯವರೆಗೆ ನಡೆಯುತ್ತದೆ, ಊಟವಾದ ಕೂಡಲೇ ಎದ್ದರೆ ಬೇಸರವಾಯಿತೇನೋ ಎಂದುಕೊಳ್ಳುತ್ತಾರೆ. ರಾತ್ರಿಯ ಕಾರ್ಯಕ್ಕೆ ಹೋಗುವಾಗ ಇಳಿದುಕೊಂಡ ಮನೆಯ ವಿಳಾಸವನ್ನು ಆ ದೇಶದ ಲಿಪಿಯಲ್ಲಿ ಬರೆಸಿಕೊಂಡು, ಮರಳುವ ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ.

ವಾರದೊಳಗೆ ನಾಲ್ಕು ಒಳ್ಳೆಯ ಫೋಟೋಗಳನ್ನು ಆ ಮನೆಗೆ ಕಳಿಸಿರಿ. ಸಾಧ್ಯವಾದರೆ ಕಾಗದದ ಮೇಲೆ ಮುದ್ರಿಸಿ ಅಂಚೆಯಲ್ಲಿ ಕಳಿಸಿರಿ. ಹಿರಿಯರು ಕೈಯಲ್ಲಿ ಹಿಡಿದು ನೋಡುವುದು ಅವನ್ನೇ. ನಿಮ್ಮ ಮನೆಯ ಮುಯ್ಯಿಯ ವಹಿಯಲ್ಲಿ ಆ ಕುಟುಂಬದ ಹೆಸರನ್ನು, ಊರನ್ನು, ಅವರು ಮಾಡಿದ ಉಪಚಾರವನ್ನು ಬರೆದಿಡಿರಿ. ನಾನು ಧಾರವಾಡಕ್ಕೆ ಬಂದ ದಿನವೇ ಬರೆದೆ: ಉಡಲು ಕೊಟ್ಟ ಒಂದು ಅಂಗಿ, ಹೊರಡುವಾಗ ಕಟ್ಟಿಕೊಟ್ಟ ತೆಂಪೆಯ ಪೊಟ್ಟಣ.

ಹೋದ ವರ್ಷ ನಮ್ಮ ಮಗಳ ಲಗ್ನ ಗೊತ್ತಾದಾಗ ಮೊದಲ ಪತ್ರಿಕೆಯನ್ನು ಮನೆದೇವರ ಮುಂದಿಟ್ಟು, ಮೂಲೆಗಳಿಗೆ ಅರಿಷಿಣ ಹಚ್ಚಿ, ಯೋಗ್ಯಕರ್ತಕ್ಕೆ ಒಂದನ್ನು ಕಳಿಸಿದೆ. ಎಷ್ಟು ಜನ ಬರಬೇಕೆಂದು ಬರೆಯಬೇಕೇ ಎಂದು ಮಗ ಕೇಳಿದ. ಲಕೋಟೆಯ ಮೇಲೆ ಆ ಯಜಮಾನಿಯ ಹೆಸರು ಬರೆದು, ಅದರ ಕೆಳಗೆ ‘ಮನೆಮಂದಿಯೆಲ್ಲ’ ಎಂದು ಅವರ ಭಾಷೆಯಲ್ಲಿ ಬರೆಸಿದೆ.